ಐದು ಕಂಪ್ಯೂಟರಿನ ಕೇಂದ್ರ

ಸೆಕ್ಟರ್ 4, ಆರ್.ಕೆ.ಪುರಂ, ನವದೆಹಲಿ
11 ಆಗಸ್ಟ್ 2025

ಮಾನ್ಯರೇ,

ವಿಷಯ: ‘ಇರಿಸು’ ಬಳಕೆಯ ಬಗ್ಗೆ ಸ್ಪಷ್ಟೀಕರಣ ಕೋರಿ.

ನಮ್ಮ ಕೇಂದ್ರದ ಕಂಪ್ಯೂಟರ್‌ಗಳಲ್ಲಿ ಕನ್ನಡ ಅಕ್ಷರ ಕಾಣಿಸುತ್ತಿಲ್ಲ. ಅಕ್ಷರ ಇರಬೇಕಾದ ಕಡೆಯೆಲ್ಲ ಖಾಲಿ ಚೌಕಗಳು. ಯಂತ್ರಗಳಲ್ಲಿರುವುದು ಲಿನಕ್ಸ್. ಕನ್ನಡ ಫಾಂಟಿನ ಕಡತವನ್ನು ಇಳಿಸಿಕೊಂಡು ಸಿಸ್ಟಮ್ಮಿನ ಫೋಲ್ಡರಿಗೆ ನಕಲು ಮಾಡಲು ಹೋದರೆ ‘ಪರ್ಮಿಷನ್ ಡಿನೈಡ್’ ಎನ್ನುತ್ತದೆ. ಹನ್ನೊಂದು ಸಲ ಪ್ರಯತ್ನಿಸಿದೆ. ಹನ್ನೊಂದು ಸಲವೂ ಅದೇ ಉತ್ತರ.

ಫೋನಿನಲ್ಲಿ ಕನ್ನಡದಲ್ಲೇ ಹುಡುಕುತ್ತಿದ್ದಾಗ ತಮ್ಮ ‘ಇರಿಸು’ ಎಂಬ ತಂತ್ರಾಂಶ ಸಿಕ್ಕಿತು. ಇಂಥ ಕಡತಗಳನ್ನು ಸಿಸ್ಟಮ್ಮಿನೊಳಗೆ ಇಡುವುದಕ್ಕೆಂದೇ ಮಾಡಿದ್ದು ಎಂದು ಓದಿ ಸಂತೋಷವಾಯಿತು. ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕಪ್ಪು ತೆರೆಯ ಮೇಲೆ ಅದರ ಹೆಸರು ಟೈಪ್ ಮಾಡಿದೆ. ಅದು ಏನೋ ಪ್ರಶ್ನೆ ಕೇಳಿತು. ಏನು ಕೇಳಿತೋ ತಿಳಿಯಲಿಲ್ಲ, ಏಕೆಂದರೆ ಪ್ರಶ್ನೆಯೂ ಚೌಕಗಳಲ್ಲೇ ಇತ್ತು. ಕನ್ನಡ ಕಾಣದ ಯಂತ್ರಕ್ಕೆ ಕನ್ನಡ ಕೊಡಲು ಬಂದ ಸಾಧನ ಕನ್ನಡದಲ್ಲೇ ಪ್ರಶ್ನೆ ಕೇಳಿದರೆ ನಾವು ಉತ್ತರಿಸುವುದು ಹೇಗೆ? ದಯವಿಟ್ಟು ತಿಳಿಸಬೇಕು.

ತಮ್ಮ ವಿಶ್ವಾಸಿ,
ದೇವಕಿ ಜಗನ್ನಾಥ


ಚಳ್ಳಕೆರೆ
12 ಆಗಸ್ಟ್ 2025

ಮಾನ್ಯ ಮೇಡಂ ಅವರಿಗೆ,

ಕೇಂದ್ರದವರು ನನ್ನ ಚಿಕ್ಕ ಸಾಧನವನ್ನು ಗಮನಿಸಿದ್ದು ನನ್ನ ಭಾಗ್ಯ. ತಾವು ತೋರಿಸಿದ ದೋಷ ನೂರಕ್ಕೆ ನೂರು ನಿಜ. ನನ್ನ ಯಂತ್ರದಲ್ಲಿ ಕನ್ನಡ ಮೊದಲೇ ಇದ್ದುದರಿಂದ ಅದು ನನಗೆ ಹೊಳೆಯಲೇ ಇಲ್ಲ. ಬೇರೆ ಬಳಕೆದಾರರು ಯಾರೂ ಇದನ್ನು ತಿಳಿಸಿರಲಿಲ್ಲ.

ಸದ್ಯಕ್ಕೆ ಒಂದು ಉಪಾಯ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ತಮ್ಮ ಸ್ವಂತ ಫೋಲ್ಡರ್ ಎಂದರೆ ತಮ್ಮ ಮೇಜಿನ ಡ್ರಾಯರ್ ಇದ್ದ ಹಾಗೆ. ಏನು ಬೇಕಾದರೂ ಇಟ್ಟುಕೊಳ್ಳಬಹುದು. ಸಿಸ್ಟಮ್ಮಿನ ಫೋಲ್ಡರ್ ಎಂದರೆ ಇಡೀ ಕಚೇರಿಯ ರೆಕಾರ್ಡ್ ರೂಮು. ಅದಕ್ಕೆ ಬೀಗ ಉಂಟು. ಅಲ್ಲಿ ಕಡತ ಇಡಬೇಕಾದರೆ ಬೀಗದ ಕೈ ಬೇಕು, ಕಡತ ಯಾರ ಹೆಸರಿನದು ಎಂದು ಬರೆಯಬೇಕು, ಯಾರು ಓದಬಹುದು ಎಂದೂ ತೀರ್ಮಾನಿಸಬೇಕು. ‘ಇರಿಸು’ ಇದೆಲ್ಲವನ್ನೂ ಒಂದೇ ಸಲಕ್ಕೆ ಮಾಡಿ ಮುಗಿಸುತ್ತದೆ.

ಅದು ಮೊದಲು ಕೇಳುವುದು ಪಾಸ್‌ವರ್ಡ್. ಎರಡನೆಯದು, ಎಲ್ಲಿ ಇರಿಸಲಿ ಎಂದು. ಆ ಜಾಗದ ಹೆಸರನ್ನು ಈ ಪತ್ರದ ಜೊತೆ ಬೇರೆಯಾಗಿ ಕಳಿಸಿದ್ದೇನೆ, ಹಾಗೇ ಟೈಪ್ ಮಾಡಬೇಕು. ಮೂರನೆಯದು, ಕಡತದ ಒಡೆಯರು ಯಾರು ಎಂದು. ನಾಲ್ಕನೆಯದು, ಯಾರು ಓದಬಹುದು ಎಂದು. ಒಡೆಯರು ಮಾತ್ರ ಎನ್ನುವುದಾದರೆ 1, ಅವರ ಗುಂಪು ಎಂದರೆ 2, ಎಲ್ಲರೂ ಎಂದರೆ 3 ಒತ್ತಬೇಕು. ಕೊನೆಯ ಎರಡಕ್ಕೆ ಉತ್ತರ ಹೀಗೇ ಇರಲಿ ಎಂದು ಕೇಂದ್ರದವರಿಗೆ ಹೇಳುವಷ್ಟು ದೊಡ್ಡವನಲ್ಲ ನಾನು. ಅದು ತಮ್ಮ ಕಚೇರಿಯ ನಿಯಮದಂತೆ ಆಗಲಿ.

ವಿಧೇಯ,
ತಿಪ್ಪೇಸ್ವಾಮಿ
ಕಂಪ್ಯೂಟರ್ ವಿಭಾಗ, ಪಾಲಿಟೆಕ್ನಿಕ್


ಆರ್.ಕೆ.ಪುರಂ
24 ಆಗಸ್ಟ್ 2025

ಪ್ರೊಫೆಸರ್ ತಿಪ್ಪೇಸ್ವಾಮಿಯವರಿಗೆ,

ಬಂತು! ಕನ್ನಡ ಬಂತು!

ಕ್ಷಮಿಸಿ, ಮೊದಲು ನಮಸ್ಕಾರ. ತಾವು ಬರೆದ ಹಾಗೆ ಒಂದೊಂದೇ ಉತ್ತರ ಕೊಟ್ಟೆ. ಪಾಸ್‌ವರ್ಡ್ ಒತ್ತುವಾಗ ತೆರೆಯ ಮೇಲೆ ಏನೂ ಮೂಡದ್ದನ್ನು ಕಂಡು ಕೀಲಿಮಣೆ ಕೆಟ್ಟಿದೆ ಎಂದುಕೊಂಡು ಬೇರೆ ತರಿಸಿದೆ. ಆಮೇಲೆ ಗೊತ್ತಾಯಿತು, ಅದು ಹಾಗೇ ಎಂದು. ಕೊನೆಯ ಪ್ರಶ್ನೆಗೆ ಉತ್ತರ ಒತ್ತಿ, ಯಂತ್ರ ಆರಿಸಿ ಮತ್ತೆ ಹಚ್ಚಿದೆ. ಚೌಕಗಳ ಜಾಗದಲ್ಲಿ ದುಂಡು ದುಂಡಾದ ಅ, ಆ, ಇ, ಈ. ನಮ್ಮ ಯಜಮಾನರನ್ನು ಕೂಗಿದೆ. ಅವರು ಹಲ್ಲುಜ್ಜುತ್ತಿದ್ದವರು ಬ್ರಷ್ಷಿನ ಸಮೇತ ಓಡಿ ಬಂದರು.

ಈಗ ಎಲ್ಲ ಯಂತ್ರಗಳಲ್ಲೂ ಆಗಿದೆ. ನಮ್ಮಲ್ಲಿ ಬಳಸುವವರು ಬಹಳ ಉತ್ಸಾಹಿಗಳು. ಇವತ್ತು ಕುರ್ಚಿಗಾಗಿ ಜಗಳವೇ ನಡೆಯಿತು.

ತಮ್ಮಂಥ ವಿದ್ವಾಂಸರು ಸಮಯ ಕೊಟ್ಟದ್ದಕ್ಕೆ ಋಣಿ.

ದೇವಕಿ


ಚಳ್ಳಕೆರೆ
1 ಸೆಪ್ಟೆಂಬರ್ 2025

ಮಾನ್ಯ ಮೇಡಂ,

ತಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ ಲೆಕ್ಕ ಇಟ್ಟಿಲ್ಲ. ಕುರ್ಚಿಗಾಗಿ ಜಗಳ ಎಂಬುದನ್ನು ಓದಿ ನಕ್ಕೆ. ಸರ್ಕಾರಿ ಕಚೇರಿ ಎಂದ ಮೇಲೆ ದೆಹಲಿಯಾದರೇನು, ಚಳ್ಳಕೆರೆಯಾದರೇನು!

ಒಂದು ಸಂತೋಷದ ಸಮಾಚಾರ. ನಮ್ಮ ಪ್ರಿನ್ಸಿಪಾಲ್ ಸೂರ್ಯನಾರಾಯಣ ಸರ್ ಅವರಿಗೆ ತಮ್ಮ ಪತ್ರ ತೋರಿಸಿದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿ, “ಏನಯ್ಯಾ, ಇಷ್ಟು ದಿನ ಬಾಯಿ ಬಿಟ್ಟಿಲ್ಲವಲ್ಲ!” ಎಂದರು. ಮರುದಿನವೇ ನೋಟಿಸ್ ಬೋರ್ಡಿನಲ್ಲಿ ‘ನಮ್ಮ ತಂತ್ರಾಂಶ ಕೇಂದ್ರ ಸರ್ಕಾರದಲ್ಲಿ’ ಎಂದು ಹಾಕಿಸಿದ್ದಾರೆ. ಹದಿನೈದನೇ ತಾರೀಕು ಎಂಜಿನಿಯರ್‌ಗಳ ದಿನ. ಅಂದು ನನಗೆ ಸನ್ಮಾನವಂತೆ. ನನ್ನ ತಾಯಿ ಈಗಿನಿಂದಲೇ ಸೀರೆ ಇಸ್ತ್ರಿ ಮಾಡಿಸಿ ಇಟ್ಟುಕೊಂಡಿದ್ದಾರೆ.

ತಮ್ಮ ಕಚೇರಿಯ ಲೆಟರ್‌ಹೆಡ್ಡಿನ ಮೇಲೆ ಎರಡು ಸಾಲು ಬರೆದು ಕಳಿಸಿಕೊಟ್ಟರೆ ಸಭೆಯಲ್ಲಿ ಓದುತ್ತಾರೆ.

ವಿಧೇಯ,
ತಿಪ್ಪೇಸ್ವಾಮಿ


ಚಳ್ಳಕೆರೆ
9 ಸೆಪ್ಟೆಂಬರ್ 2025

ಮಾನ್ಯ ಮೇಡಂ,

ಉತ್ತರ ಬರಲಿಲ್ಲ. ಕಚೇರಿಯ ಒತ್ತಡ ಇರಬೇಕು ಎಂದುಕೊಂಡಿದ್ದೇನೆ. ಲೆಟರ್‌ಹೆಡ್ ಕಷ್ಟವಾದರೆ ಸಾದಾ ಹಾಳೆಯಾದರೂ ಸರಿ, ಒಂದು ಮೊಹರು ಇದ್ದರೆ ಸಾಕು. ಬ್ಯಾನರ್ ಪ್ರಿಂಟಿಗೆ ಹೋಗಿದೆ.

ತಿಪ್ಪೇಸ್ವಾಮಿ


ಆರ್.ಕೆ.ಪುರಂ
11 ಸೆಪ್ಟೆಂಬರ್ 2025

ತಿಪ್ಪೇಸ್ವಾಮಿಯವರೇ,

ಹತ್ತು ದಿನದಿಂದ ಈ ಪತ್ರ ಬರೆಯುತ್ತಿದ್ದೇನೆ, ಅಳಿಸುತ್ತಿದ್ದೇನೆ. ಇವತ್ತು ಕಳಿಸುತ್ತೇನೆ.

ನಮ್ಮದು ಕೇಂದ್ರ ಸರ್ಕಾರವಲ್ಲ. ನಮ್ಮದು ‘ಕನ್ನಡ ಕೇಂದ್ರ’. ಮಗ ಆದರ್ಶನ ಸರ್ಕಾರಿ ಕ್ವಾರ್ಟರ್ಸಿನ ಬ್ಲಾಕಿನಲ್ಲಿ, ನೆಲಮಾಳಿಗೆಯ ಒಂದು ಕೋಣೆ. ಭಾನುವಾರ ಮೂರರಿಂದ ಐದು ಗಂಟೆವರೆಗೆ ದೆಹಲಿಯಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡ ಓದು ಬರಹ ಕಲಿಸುತ್ತೇನೆ. ಮಕ್ಕಳು ಒಂಬತ್ತು. ಕಂಪ್ಯೂಟರ್ ಐದು, ನಮ್ಮ ಯಜಮಾನರ ಹಳೇ ಆಫೀಸಿನವರು ಬೇಡವೆಂದು ಬಿಟ್ಟದ್ದು. ಆದರ್ಶ್ ಒಂದು ದಿನ ಕೂತು ಲಿನಕ್ಸ್ ಹಾಕಿಕೊಟ್ಟ, ಮರುವಾರವೇ ಟ್ರೇನಿಂಗ್ ಎಂದು ಶಿಲ್ಲಾಂಗಿಗೆ ಹೋದ. ಮಿಕ್ಕದ್ದು ನನ್ನ ತಲೆಗೆ ಬಂತು. ಕುರ್ಚಿಗಾಗಿ ಜಗಳವಾಡಿದವರು ಏಳು ವರ್ಷದವರು.

ನಾನು ಸಚಿವಾಲಯವೊಂದರ ಗೋಪ್ಯ ವಿಭಾಗದಲ್ಲಿ ಮೂವತ್ತೊಂದು ವರ್ಷ ಸ್ಟೆನೋ ಆಗಿದ್ದವಳು. ವಿಷಯ, ಉಲ್ಲೇಖ ಎಂದು ಬರೆದೇ ಅಭ್ಯಾಸ. ನೀವು ತಪ್ಪು ತಿಳಿದಿದ್ದೀರಿ ಎಂದು ನಿಮ್ಮ ಮೊದಲ ಪತ್ರದಲ್ಲೇ ಗೊತ್ತಾಯಿತು. ತಿದ್ದಬೇಕಿತ್ತು. ತಿದ್ದಲಿಲ್ಲ. ಐದು ಕಂಪ್ಯೂಟರಿನ ಮುದುಕಿ ಎಂದು ಗೊತ್ತಾದರೆ ಪ್ರೊಫೆಸರರು ಮತ್ತೆ ಉತ್ತರ ಬರೆಯುತ್ತಾರೋ ಇಲ್ಲವೋ ಎಂಬ ಅಂಜಿಕೆ. ಇನ್ನೂ ನಿಜ ಹೇಳಬೇಕೆಂದರೆ, ರಿಟೈರ್ ಆದ ಮೇಲೆ ಯಾರೂ ನನ್ನನ್ನು ‘ಮಾನ್ಯ’ ಎಂದಿರಲಿಲ್ಲ.

ನಮ್ಮ ಯಜಮಾನರು ಬೈದರು. “ದೇವಕಿ, ನಿನ್ನ ದೆಸೆಯಿಂದ ಆ ಮನುಷ್ಯ ನೂರು ಜನರ ಮುಂದೆ ಸುಳ್ಳುಗಾರ ಎನಿಸಿಕೊಳ್ಳುತ್ತಾನೆ. ಬರಿ ಮೊದಲು” ಎಂದರು. ಬರೆದಿದ್ದೇನೆ. ನಿಮ್ಮ ತಾಯಿಯವರ ಸೀರೆ ನೆನೆದು ಕಣ್ಣೀರು ಬಂತು. ಕ್ಷಮಿಸಿ ಎನ್ನುವುದು ಬಿಟ್ಟು ಬೇರೆ ಮಾತು ಗೊತ್ತಿಲ್ಲ.

ದೇವಕಿ


ಚಳ್ಳಕೆರೆ
16 ಸೆಪ್ಟೆಂಬರ್ 2025

ದೇವಕಿ ಮೇಡಂ ಅವರಿಗೆ,

ಮೊದಲು ಸಿಟ್ಟು ಬಂತು. ಸುಳ್ಳೇಕೆ ಹೇಳಲಿ? ಎರಡು ದಿನ ಮೇಲ್ ತೆರೆಯಲಿಲ್ಲ. ಮೂರನೇ ದಿನ ಮತ್ತೆ ಓದಿದೆ, ಆಗ ‘ಪ್ರೊಫೆಸರರು’ ಎಂಬ ಪದ ಕಣ್ಣಿಗೆ ಚುಚ್ಚಿತು. ನಾನು ಪ್ರೊಫೆಸರ್ ಅಲ್ಲ. ಕಂಪ್ಯೂಟರ್ ಲ್ಯಾಬಿನ ಸಹಾಯಕ. ಬಾಗಿಲು ತೆಗೆಯುವುದು, ಯಂತ್ರ ಒರೆಸುವುದು, ವೈರು ಸಿಕ್ಕಿಸುವುದು ನನ್ನ ಕೆಲಸ. ನೀವು ಪ್ರೊಫೆಸರ್ ಎಂದಾಗ ನಾನೂ ತಿದ್ದಲಿಲ್ಲ. ಮೊದಲ ಪತ್ರದಲ್ಲೇ ಹುದ್ದೆ ಬರೆಯದೆ ‘ಕಂಪ್ಯೂಟರ್ ವಿಭಾಗ’ ಎಂದಷ್ಟೇ ಸಹಿ ಹಾಕಿದ್ದೆ. ಇನ್ನು ‘ಬೇರೆ ಬಳಕೆದಾರರು ತಿಳಿಸಿರಲಿಲ್ಲ’ ಎಂದು ಬರೆದಿದ್ದೆನಲ್ಲ, ತಿಳಿಸಲು ಬೇರೆಯವರು ಇರಲೇ ಇಲ್ಲ. ‘ಇರಿಸು’ವನ್ನು ಅಂತರ್ಜಾಲಕ್ಕೆ ಹಾಕಿ ಆರು ವರ್ಷವಾಯಿತು. ಬಂದದ್ದು ಒಂದೇ ಪತ್ರ. ನಿಮ್ಮದು.

ಹದಿನಾಲ್ಕರಂದು ಪ್ರಿನ್ಸಿಪಾಲರ ಮನೆಗೆ ಹೋಗಿ ಎಲ್ಲ ಹೇಳಿದೆ.

“ಕೇಂದ್ರ ಸರ್ಕಾರ ಅಲ್ವಾ?”

“ಅಲ್ಲ ಸರ್. ಕನ್ನಡ ಕೇಂದ್ರ. ಐದು ಕಂಪ್ಯೂಟರ್.”

ಅವರು ಕಾಫಿ ಲೋಟ ಕೆಳಗಿಟ್ಟರು. “ಬ್ಯಾನರ್ ಬಂದಾಗಿದೆ ಕಣಯ್ಯಾ. ಸಭೆ ನಿಲ್ಲಿಸಲ್ಲ. ಆದರೆ ಇದನ್ನ ನಾನು ಹೇಳಲ್ಲ, ನೀನೇ ಹೇಳಬೇಕು” ಎಂದರು.

ನಿನ್ನೆ ಸಭೆಗೆ ಹೋದರೆ ವೇದಿಕೆಯ ಮೇಲೆ ಬ್ಯಾನರ್. ‘ನಮ್ಮ ತಂತ್ರಾಂಶ ಕೇಂದ್ರ ಸರ್ಕಾರದಲ್ಲಿ’ ಎಂದಿದ್ದುದರ ಮೇಲೆ ಯಾರೋ ‘ಸರ್ಕಾರ’ ಎಂಬಷ್ಟಕ್ಕೆ ಮಾತ್ರ ಬಿಳಿ ಕಾಗದ ಅಂಟಿಸಿದ್ದರು. ಉಳಿದದ್ದು ‘ನಮ್ಮ ತಂತ್ರಾಂಶ ಕೇಂದ್ರ      ದಲ್ಲಿ’. ಪ್ರಿನ್ಸಿಪಾಲರು ನನ್ನ ಕಡೆ ನೋಡದೆ ಮೀಸೆಯೊಳಗೇ ನಗುತ್ತಿದ್ದರು.

ನನಗೆ ಭಾಷಣ ಬರುವುದಿಲ್ಲ. ನಿಮ್ಮ ಪತ್ರವನ್ನೇ ಓದಿದೆ. ‘ಐದು ಕಂಪ್ಯೂಟರಿನ ಮುದುಕಿ’ ಎಂಬಲ್ಲಿ ಸಭೆ ನಕ್ಕಿತು. ಆಮೇಲೆ ಕೊನೆಯ ವರ್ಷದ ಹುಡುಗಿ ಮಯೂರಿ ಎದ್ದು ನಿಂತು, “ಸರ್, ಆ ಮೇಡಂ ಹೇಳಿದ ಚೌಕದ ಪ್ರಾಬ್ಲಂ ಸರಿ ಮಾಡಿದ್ರಾ?” ಎಂದಳು. ಇಲ್ಲ ಎಂದೆ. “ಹಂಗಾದ್ರೆ ಲ್ಯಾಬ್ ಬೀಗದ ಕೈ ಕೊಡಿ, ನಾವು ಮಾಡ್ತೀವಿ” ಎಂದಳು. ಆಗ ಚಪ್ಪಾಳೆ ಬಂತು ನೋಡಿ. ಶಾಲು ಹೊದಿಸಿದರು. ಅಮ್ಮ ಮುಂದಿನ ಸಾಲಿನಲ್ಲೇ ಇದ್ದರು. ಅವರಿಗೆ ಕೇಂದ್ರ ಯಾವುದು ಎಂಬುದು ಮುಖ್ಯವಾಗಲಿಲ್ಲ.

ನೀವು ಕ್ಷಮೆ ಕೇಳಬೇಡಿ. ನಾನೂ ಕೇಳುವುದಿಲ್ಲ.

ತಿಪ್ಪೇಸ್ವಾಮಿ, ಲ್ಯಾಬ್ ಸಹಾಯಕ


ಆರ್.ಕೆ.ಪುರಂ
28 ಸೆಪ್ಟೆಂಬರ್ 2025

ಪ್ರಿಯ ತಿಪ್ಪೇಸ್ವಾಮಿ,

ನಿಮ್ಮ ಪತ್ರ ನಾನು ಓದಿ, ಯಜಮಾನರಿಗೆ ಓದಿಸಿ, ಕೆಳಗಿನ ಮನೆ ರತ್ನಾಗೂ ಓದಿ ಹೇಳಿದೆ. ಎದೆಯ ಮೇಲಿನ ಕಲ್ಲು ಇಳಿಯಿತು. ಆ ಮಯೂರಿಗೆ ನನ್ನ ಆಶೀರ್ವಾದ ತಿಳಿಸಿ.

ಇನ್ನು ಮುಚ್ಚುಮರೆ ಬೇಡವೆಂದ ಮೇಲೆ ಹೇಳಿಬಿಡುತ್ತೇನೆ. ನಿಮ್ಮ ಸಾಧನ ಚೆನ್ನ, ಸಹಾಯ ಪುಟದ ಕನ್ನಡ ಚೆನ್ನಾಗಿಲ್ಲ. ‘ನಕಲಿಸುವಿಕೆಯು ನಿರಾಕರಿಸಲ್ಪಟ್ಟಿದೆ’ ಎಂದು ಯಾವ ತಾಯಿಯ ಮಕ್ಕಳು ಮಾತಾಡುತ್ತಾರೆ? ‘ಇಲ್ಲಿ ಇಡಲು ನಿಮಗೆ ಅನುಮತಿ ಇಲ್ಲ’ ಎಂದರೆ ಸಾಲದೇ? ಪುಟ ಪೂರ್ತಿ ತಿದ್ದಿ ಕಳಿಸಿದ್ದೇನೆ. ಬೇಸರ ಬೇಡ, ದೊಡ್ಡ ದೊಡ್ಡ ಕಾರ್ಯದರ್ಶಿಗಳ ಟಿಪ್ಪಣಿ ತಿದ್ದಿದ ಕೈ ಇದು.

ಇಲ್ಲಿಯ ಸಂಗತಿ. ಬ್ಲಾಕಿನ ಸಂಘದವರಿಗೆ ಈ ಕೋಣೆ ಜಿಮ್ ಮಾಡಲು ಬೇಕಂತೆ. ಕಾರ್ಯದರ್ಶಿ ಬಂದು, “ಆಂಟಿ ಜೀ, ಒಂಬತ್ತು ಮಕ್ಕಳಿಗಾಗಿ ಇಷ್ಟು ದೊಡ್ಡ ರೂಮಾ?” ಎಂದರು. ನವೆಂಬರ್ ಒಂದರಂದು ಬಂದು ನೋಡಿ, ಆಮೇಲೆ ಹೇಳಿ ಎಂದಿದ್ದೇನೆ. ಅಂದು ಪ್ರತಿ ಮಗುವೂ ತಾನೇ ಬರೆದ ಒಂದು ಪುಟವನ್ನು ತೆರೆಯ ಮೇಲೆ ತೋರಿಸಬೇಕು.

ಮಕ್ಕಳಲ್ಲಿ ಜಾಣೆ ಎಂದರೆ ಸುಪ್ರೀತಾ. ಅವಳ ಅಪ್ಪ ಚನಿಯ ಇಲ್ಲೇ ಹತ್ತಿರದ ಸೌತ್ ಇಂಡಿಯನ್ ಹೋಟೆಲಿನಲ್ಲಿ ದೋಸೆ ಹಾಕುತ್ತಾನೆ. ಇರುವುದು ಘಾಜಿಯಾಬಾದಿನಲ್ಲಿ. ಭಾನುವಾರ ಮಗಳನ್ನು ಬೆಳಿಗ್ಗೆ ತನ್ನ ಜೊತೆ ಕೆಲಸಕ್ಕೇ ಕರೆತಂದು, ಮೂರು ಗಂಟೆಗೆ ಇಲ್ಲಿ ಬಿಟ್ಟು, ಐದರವರೆಗೆ ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೂತಿರುತ್ತಾನೆ. ಒಳಗೆ ಬಾ ಎಂದರೆ, “ಪರವಾಗಿಲ್ಲ ಮೇಡಂ, ಬಟ್ಟೆಯೆಲ್ಲ ಹಿಟ್ಟು” ಎನ್ನುತ್ತಾನೆ.

ದೇವಕಿ


ಆರ್.ಕೆ.ಪುರಂ
27 ಅಕ್ಟೋಬರ್ 2025

ತಿಪ್ಪೇಸ್ವಾಮಿ, ತುರ್ತು.

ಇಷ್ಟು ದಿನ ಎಲ್ಲ ಯಂತ್ರಗಳಲ್ಲೂ ನನ್ನ ಹೆಸರಿನಲ್ಲೇ ಲಾಗಿನ್ ಮಾಡಿ ಮಕ್ಕಳನ್ನು ಕೂರಿಸುತ್ತಿದ್ದೆ. ಒಂದನೇ ತಾರೀಕಿಗೆ ಪ್ರತಿ ಮಗುವಿಗೂ ಅದರದೇ ಹೆಸರಿನ ಲಾಗಿನ್ ಇರಲಿ ಎಂದು ನಿನ್ನೆ ಮಾಡಿಕೊಟ್ಟೆ. ಮಕ್ಕಳ ಹೆಸರಿನಲ್ಲಿ ಹೋದರೆ ಮತ್ತೆ ಚೌಕ! ಒಂಬತ್ತು ಮಂದಿಗೂ ಚೌಕ! ನನ್ನ ಹೆಸರಿನಲ್ಲಿ ಹೋದರೆ ಕನ್ನಡ ಚೆನ್ನಾಗಿ ಕಾಣುತ್ತದೆ. ಸುಪ್ರೀತಾ, “ಮೇಡಂ, ಕಂಪ್ಯೂಟರ್‌ಗೆ ಸಿರ್ಫ್ ಆಪ್ ಪಸಂದ್ ಹೋ” ಎಂದಳು, ಅದಕ್ಕೆ ನೀವೊಬ್ಬರೇ ಇಷ್ಟ ಎಂದು. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಐದೇ ದಿನ ಉಳಿದಿದೆ.

ದೇವಕಿ


ಚಳ್ಳಕೆರೆ
27 ಅಕ್ಟೋಬರ್ 2025

ದೇವಕಮ್ಮನವರಿಗೆ,

ಗಾಬರಿ ಬೇಡ. ಒಂದೇ ಪ್ರಶ್ನೆ. ಆಗಸ್ಟಿನಲ್ಲಿ ‘ಕಡತದ ಒಡೆಯರು ಯಾರು’ ಎಂದಾಗ ಏನು ಬರೆದಿರಿ? ‘ಯಾರು ಓದಬಹುದು’ ಎಂದಾಗ ಯಾವ ಅಂಕಿ ಒತ್ತಿದಿರಿ?

ತಿಪ್ಪೇಸ್ವಾಮಿ


ಆರ್.ಕೆ.ಪುರಂ
28 ಅಕ್ಟೋಬರ್ 2025

ತಿಪ್ಪೇಸ್ವಾಮಿ,

ಒಡೆಯರು ಯಾರು ಎಂದಾಗ ದೇವಕಿ ಎಂದು ಬರೆದೆ. ಯಾರು ಓದಬಹುದು ಎಂದಾಗ 1 ಒತ್ತಿದೆ. ಒಡೆಯರು ಮಾತ್ರ.

ಮೂವತ್ತೊಂದು ವರ್ಷ ಗೋಪ್ಯ ವಿಭಾಗ! ‘ಈ ಕಡತ ಯಾರು ಓದಬಹುದು’ ಎಂದು ಯಾರೇ ಕೇಳಲಿ, ಬಾಯಿಗೆ ಬರುವುದು ಅದೊಂದೇ ಉತ್ತರ. ಅಷ್ಟು ಜೋಪಾನವಾಗಿ ಅ ಆ ಇ ಈಯನ್ನು ಒಂಬತ್ತು ಮಕ್ಕಳಿಂದ ಬಚ್ಚಿಟ್ಟಿದ್ದೇನೆ. ನಿಮ್ಮ ಪ್ರಶ್ನೆ ಓದಿದ ಕೂಡಲೇ ಅರ್ಥವಾಯಿತು. ನೆಲಮಾಳಿಗೆಗೆ ಇಳಿದು ಹೋಗಿ ಐದು ಯಂತ್ರದಲ್ಲೂ ಮತ್ತೆ ‘ಇರಿಸು’ ಓಡಿಸಿ 3 ಒತ್ತಿದೆ. ಎಲ್ಲ ಮಕ್ಕಳ ಹೆಸರಿನಲ್ಲೂ ಕಾಣುತ್ತಿದೆ. ಯಜಮಾನರು ಕೂತಲ್ಲೇ ನಕ್ಕು ನಕ್ಕು ಕೆಮ್ಮು ಬರಿಸಿಕೊಂಡರು.

ದೇವಕಿ


ಚಳ್ಳಕೆರೆ
29 ಅಕ್ಟೋಬರ್ 2025

ದೇವಕಮ್ಮನವರಿಗೆ,

ತಪ್ಪಿನಲ್ಲಿ ಅರ್ಧ ಪಾಲು ನನ್ನದು. 3 ಒತ್ತಿ ಎಂದು ಅಂದೇ ಬರೆಯಬಹುದಿತ್ತು. ‘ಕೇಂದ್ರ’ಕ್ಕೆ ಹೆದರಿ ಬರೆಯಲಿಲ್ಲ.

ಮಯೂರಿ ಮತ್ತವಳ ಗೆಳತಿಯರ ತಿದ್ದುಪಡಿ ಸೇರಿಸಿ ಹೊಸ ಆವೃತ್ತಿ ಇಂದು ಬಿಡುಗಡೆ ಮಾಡಿದೆ. ಕನ್ನಡ ಕಾಣದ ಯಂತ್ರದಲ್ಲಿ ಇನ್ನು ಅದು ‘yaaru oodabahudu’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಕೇಳುತ್ತದೆ. ಸಹಾಯ ಪುಟ ಪೂರ್ತಿ ನಿಮ್ಮ ಕನ್ನಡದಲ್ಲಿದೆ, ಕೆಳಗೆ ನಿಮ್ಮ ಹೆಸರಿದೆ. ಸಭೆ ಚೆನ್ನಾಗಿ ಆಗಲಿ. ನಾವೆಲ್ಲ ಇಲ್ಲಿ ಕಾಯುತ್ತಿರುತ್ತೇವೆ.

ತಿಪ್ಪೇಸ್ವಾಮಿ


ಆರ್.ಕೆ.ಪುರಂ
2 ನವೆಂಬರ್ 2025

ಪ್ರಿಯ ತಿಪ್ಪೇಸ್ವಾಮಿ,

ನಿನ್ನೆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತಂದೆ ತಾಯಂದಿರು, ಅಜ್ಜಿಯರು, ಕನ್ನಡ ಬಾರದ ಅಕ್ಕಪಕ್ಕದವರು. ಒಂದು ಮಗು ತನ್ನ ಪುಟದಲ್ಲಿ ‘ನನಗೆ ಅಜ್ಜಿ ಮಾಡುವ ಉಪ್ಪಿಟ್ಟು ಇಷ್ಟ ಇಲ್ಲ’ ಎಂದು ಬರೆದಿತ್ತು. ಅಜ್ಜಿ ಎಲ್ಲರ ಮುಂದೆ ಅದನ್ನು ಗಟ್ಟಿಯಾಗಿ ಓದಿ, ಓದಿದ ಮೇಲೆ ಅರ್ಥವಾಗಿ, ಮಗುವನ್ನು ಬಾಚಿ ತಬ್ಬಿಕೊಂಡರು. ಸಂಘದ ಕಾರ್ಯದರ್ಶಿ ಕೊನೆಯವರೆಗೂ ನಿಂತಿದ್ದರು. ಹೋಗುವಾಗ, “ಆಂಟಿ ಜೀ, ಜಿಮ್ ಟೆರೇಸಿನಲ್ಲಿ ಆಗುತ್ತದೆ. ನನ್ನ ಹೆಂಡತಿ ಮರಾಠಿ ಕ್ಲಾಸ್ ಶುರು ಮಾಡಬೇಕು ಅಂತಾಳೆ, ಶನಿವಾರ ಈ ರೂಮ್ ಕೊಡ್ತೀರಾ?” ಎಂದರು. ಚಲೋ, ಬನ್ನಿ ಎಂದೆ.

ಎಲ್ಲರೂ ಹೋದ ಮೇಲೆ ಚನಿಯ ಒಳಗೆ ಬಂದ. ಮೊದಲ ಸಲ. ಒಗೆದ ಅಂಗಿ ಹಾಕಿದ್ದ.

“ಮೇಡಂ, ನಾನೂ ಒಂದು ಬರೆಯಬಹುದಾ?”

ನಾಲ್ಕನೇ ತರಗತಿಯವರೆಗೆ ಓದಿದವನು. ಮನೆಯಲ್ಲಿ ಆಡುವುದು ತುಳು. ಕನ್ನಡ ಓದುವುದು ಬರುತ್ತದೆ, ಬರೆದು ಇಪ್ಪತ್ತು ವರ್ಷವಾಯಿತಂತೆ. “ಅಕ್ಷರ ಕಂಡರೆ ಗುರುತು ಸಿಗ್ತದೆ. ಕೈಗೆ ಬರುವುದಿಲ್ಲ” ಎಂದ. ಊರಿನಲ್ಲಿ ತಾಯಿ ನೀಲಾವತಿ ಒಬ್ಬರೇ ಅಲ್ಲ, ತಮ್ಮನ ಸಂಸಾರವಿದೆ. ಆದರೆ ತಾಯಿಗೆ ಎರಡು ವರ್ಷದಿಂದ ಕಿವಿ ಕೇಳುವುದಿಲ್ಲ. ಇವನು ಫೋನಿನಲ್ಲಿ ಕೂಗಿದರೆ ಅವರು ಸುಮ್ಮನೆ ‘ಹ್ಞೂಂ ಹ್ಞೂಂ’ ಎನ್ನುತ್ತಾರಂತೆ. ಸಾಕ್ಷರತಾ ಆಂದೋಲನದ ಕಾಲದಲ್ಲಿ ಅಕ್ಷರ ಕಲಿತವರು, ಓದಲು ಬರುತ್ತದೆ.

ಕೀಲಿಯ ಮೇಲೆ ಅಕ್ಷರದ ಚೀಟಿ ಅಂಟಿಸಿದ್ದೇವೆ. ಸುಪ್ರೀತಾ ಪಕ್ಕದಲ್ಲಿ ನಿಂತು, “ಪಪ್ಪಾ, ಒತ್ತು ಇಲ್ಲಿ, ಅರೇ ನಹೀಂ, ಇಲ್ಲಿ” ಎನ್ನುತ್ತಿದ್ದಳು. ದೋಸೆ ಹಾಕುವ ಕೈ, ಬೆರಳು ದಪ್ಪ. ಒಂದು ಸಲಕ್ಕೆ ಎರಡು ಕೀಲಿ ಒತ್ತುತ್ತಿತ್ತು. ಮೂರು ಸಾಲಿಗೆ ನಲವತ್ತು ನಿಮಿಷ. ‘ಅಮ್ಮ, ನಾನು ಚನಿಯ. ಇಲ್ಲಿ ಎಲ್ಲರೂ ಸುಖ, ಸುಪ್ರೀತಾ ಕನ್ನಡ ಕಲಿತಳು. ನಿಮ್ಮ ಕಿವಿಗೆ ಏನು ಔಷಧಿ ಮಾಡಿದಿರಿ?’ ಸಂಜೆಯ ಕೆಲಸಕ್ಕೆ ತಡವಾಯಿತು, ಆದರೂ ಏಳಲಿಲ್ಲ. ಅಕ್ಷರ ದೊಡ್ಡದು ಮಾಡಿಸಿ ಮುದ್ರಿಸಿಕೊಂಡ. ನಮ್ಮ ಯಜಮಾನರು ನಾಳೆ ಸ್ಪೀಡ್ ಪೋಸ್ಟ್ ಮಾಡುತ್ತಾರೆ.

ದೇವಕಿ


ಆರ್.ಕೆ.ಪುರಂ
16 ನವೆಂಬರ್ 2025

ಪ್ರಿಯ ತಿಪ್ಪೇಸ್ವಾಮಿ,

ಇವತ್ತು ತರಗತಿಗೆ ಮೊದಲೇ ಚನಿಯ ಬಂದು ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಒಂದು ಇನ್‌ಲ್ಯಾಂಡ್ ಪತ್ರ. ನನಗೆ ಕೊಟ್ಟು, “ಓದಿ ಮೇಡಂ, ನಾನು ಓದಿ ಆಯ್ತು. ನಾಲ್ಕು ಸಲ” ಎಂದ.

ಪೆನ್ಸಿಲ್ಲಿನಲ್ಲಿ ಬರೆದಿದ್ದರು, ಒಂದೊಂದು ಅಕ್ಷರವೂ ಹುಣಸೆ ಬೀಜದಷ್ಟು. ಹಾಗೇ ಇಳಿಸಿದ್ದೇನೆ:

‘ಮಗ ಚನಿಯ, ನಿನ್ನ ಕಾಗದ ಬಂತು. ಕನ್ನಡಕ ಇಲ್ಲದೆ ಓದಿದೆ. ಕಿವಿಗೆ ಔಷಧಿ ಬೇಡ, ಫೋನು ಬೇಡ. ಮೂರು ಸಾಲು ಸಾಲದು. ಏನು ತಿಂದಿ, ಎಷ್ಟು ಚಳಿ, ಮಗು ಎಷ್ಟು ಎತ್ತರ ಆಯಿತು, ಎಲ್ಲ ಬರಿ.’

ನಾನು ಓದಿ ಮುಗಿಸಿ ತಲೆಯೆತ್ತುವಷ್ಟರಲ್ಲಿ ಚನಿಯ ಒಳಗೆ ಹೋಗಿ ಕಿಟಕಿಯ ಪಕ್ಕದ ಕಂಪ್ಯೂಟರಿನ ಮುಂದೆ ಕೂತಾಗಿತ್ತು. ಅದು ಏಳು ವರ್ಷದವರು ಜಗಳವಾಡುವ ಕುರ್ಚಿ. ಮಕ್ಕಳು ಬಂದು ಸುತ್ತ ನಿಂತು, “ಅಂಕಲ್, ಏಳಿ, ಹಮಾರಾ ಟರ್ನ್” ಎಂದರು.

“ತಡಿ ಮಾರಾಯ, ನನ್ನ ಅಮ್ಮ ಕಾಯ್ತಾ ಇದ್ದಾಳೆ” ಎಂದು ಹೇಳಿ, ಅವನು ಮಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಎತ್ತರ ಅಳೆಯುತ್ತಿದ್ದ.

ದೇವಕಿ